ಕೂದಲೆಳೆಯ ಕಾಲುವೆಯಲ್ಲಿ ಕಡಲಿನ ಲೆಕ್ಕ

1882ರ ಸುಮಾರು. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಥಿಯೋಡರ್ ಎಂಗೆಲ್‌ಮನ್ ಎಂಬ ಜರ್ಮನ್ ಶರೀರವಿಜ್ಞಾನಿ ಹಸಿರು ಪಾಚಿಯ ಒಂದೇ ಒಂದು ಎಳೆಯನ್ನು ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಡಿ ಇರಿಸಿದರು. ಎಳೆಯ ಉದ್ದಕ್ಕೂ ಕೆಂಪಿನಿಂದ ನೇರಳೆಯವರೆಗೆ ಸಣ್ಣದೊಂದು ಕಾಮನಬಿಲ್ಲು ಬೀಳುವಂತೆ ಪಟ್ಟಕದ ಮೂಲಕ ಬೆಳಕು ಹಾಯಿಸಿದರು. ಆಮ್ಲಜನಕ ಎಲ್ಲಿದೆಯೋ ಅಲ್ಲಿಗೆ ಈಜಿಹೋಗುವ ಬ್ಯಾಕ್ಟೀರಿಯಾಗಳೂ ಅದೇ ಹನಿಯಲ್ಲಿದ್ದವು. ಸ್ವಲ್ಪ ಹೊತ್ತಿನಲ್ಲಿ ಅವು ಎರಡು ಕಡೆ ಮುತ್ತಿಕೊಂಡವು. ಕೆಂಪು ಬೆಳಕು ಬಿದ್ದ ಜಾಗದಲ್ಲಿ ಒಂದು ಗುಂಪು, ನೀಲಿ ಬಿದ್ದಲ್ಲಿ ಇನ್ನೊಂದು ಗುಂಪು. ಹಸಿರು ಬೆಳಕು ಬಿದ್ದ ನಡುಭಾಗ ಹೆಚ್ಚುಕಡಿಮೆ ಖಾಲಿ. ಸಸ್ಯ ಯಾವ ಬಣ್ಣದ ಬೆಳಕನ್ನು ಬಳಸಿ ಇಂಗಾಲವನ್ನು ಆಹಾರ ಮಾಡಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಉತ್ತರ ಒಂದು ಹನಿಯೊಳಗೆ ಕಣ್ಣಿಗೆ ಕಾಣುವಂತೆ ಮೂಡಿತ್ತು.

ಎಂಗೆಲ್‌ಮನ್ ಕೈಯಲ್ಲಿ ಆಮ್ಲಜನಕ ಅಳೆಯುವ ಮೀಟರ್ ಇರಲಿಲ್ಲ. ಬ್ಯಾಕ್ಟೀರಿಯಾವನ್ನೇ ಅವರು ಮಾಪಕ ಮಾಡಿಕೊಂಡರು. ಜೀವಿಯ ಅಳತೆಗೆ ತಕ್ಕ ಅಳತೆಯ ಉಪಕರಣ ಬೇಕು ಎಂಬ ಅವರ ಹೊಳಹು ಎಷ್ಟು ಸರಿಯಿತ್ತೆಂದರೆ, ಇವತ್ತು ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳು ಕೋಟಿಗಟ್ಟಲೆ ಖರ್ಚು ಮಾಡಿ ಅದನ್ನೇ ಬೆಳೆಸುತ್ತಿವೆ. ನಡುವಿನ ನೂರು ವರ್ಷ ಮಾತ್ರ ವಿಜ್ಞಾನ ಬೇರೆ ದಾರಿ ಹಿಡಿದಿತ್ತು.

ಆ ದಾರಿ ಬಾಟಲಿಯದು. ಡೆನ್ಮಾರ್ಕಿನ ಐನರ್ ಸ್ಟೀಮನ್ ನೀಲ್ಸನ್ 1950ರಿಂದ 52ರವರೆಗೆ ಲೋಕ ಸುತ್ತಿದ ‘ಗಲಾಟಿಯಾ’ ಹಡಗಿನಲ್ಲಿ ಕಡಲ ನೀರನ್ನು ಬಾಟಲಿಗೆ ತುಂಬಿ, ಅದಕ್ಕೆ ವಿಕಿರಣಶೀಲ ಇಂಗಾಲ-14 ಸೇರಿಸಿ, ಬೆಳಕಿನಲ್ಲಿಟ್ಟು, ಆಮೇಲೆ ಸೋಸಿ, ನೀರಿನಲ್ಲಿದ್ದ ಸಸ್ಯಜೀವಿಗಳು ಎಷ್ಟು ಇಂಗಾಲ ಹೀರಿಕೊಂಡವೆಂದು ಅಳೆದರು. ಅದು ಬಹಳ ದೊಡ್ಡ ಹೆಜ್ಜೆ. ಈಗಲೂ ಅದೇ ವಿಧಾನ ಬಳಕೆಯಲ್ಲಿದೆ. ಇಂಥ ಸಾವಿರಾರು ಬಾಟಲಿಗಳ ಲೆಕ್ಕಕ್ಕೆ ಉಪಗ್ರಹದ ಚಿತ್ರಗಳನ್ನು ಜೋಡಿಸಿದಾಗಲೇ ನಮಗೆ ಗೊತ್ತಾದದ್ದು, ಭೂಮಿಯ ಮೇಲಿನ ದ್ಯುತಿಸಂಶ್ಲೇಷಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಕಡಲಿನದು ಎಂದು. ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಇಂಗಾಲ. ಕಾಡು, ಹುಲ್ಲುಗಾವಲು, ಹೊಲಗದ್ದೆ ಎಲ್ಲ ಸೇರಿ ಮಾಡುವಷ್ಟು ಕೆಲಸವನ್ನು ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದ ಪ್ಲವಕಗಳು ಮಾಡುತ್ತಿವೆ.

ಆದರೆ ಬಾಟಲಿ ಕೊಡುವುದು ಸರಾಸರಿಯನ್ನು. ಸರಾಸರಿಯಲ್ಲಿ ಮುಚ್ಚಿಹೋಗುವುದೇ ಇಲ್ಲಿ ಮುಖ್ಯ ಸಂಗತಿ ಎಂಬುದು ನಿಧಾನಕ್ಕೆ ತಿಳಿಯಿತು.

ಹನಿಯೊಳಗಿನ ಭೂಗೋಳ

ಒಂದು ಮಿಲಿಲೀಟರ್ ಕಡಲ ನೀರಿನಲ್ಲಿ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಾಗಳಿರುತ್ತವೆ. ಡಯಾಟಮ್ ಎಂಬ ಏಕಕೋಶಿಗಳೂ ಇತರ ಪಾಚಿಗಳೂ ಬಿಸಿಲಲ್ಲಿ ಕಟ್ಟಿಕೊಂಡ ಇಂಗಾಲದ ದೊಡ್ಡ ಪಾಲು ಕರಗಿದ ರೂಪದಲ್ಲಿ ನೀರಿಗೆ ಸೋರುತ್ತದೆ. ಅದನ್ನು ತಿಂದು ಬದುಕುವುದು ಈ ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾವನ್ನು ಇನ್ನೊಂದು ಏಕಕೋಶಿ ತಿನ್ನುತ್ತದೆ, ಅದನ್ನು ಮತ್ತೊಂದು. ಮೀನಿನವರೆಗೆ ತಲುಪುವ ಆಹಾರ ಸರಪಳಿಯ ಕೆಳಗೆ ಇಂಥದ್ದೊಂದು ಸೂಕ್ಷ್ಮ ಸರಪಳಿ ಸುತ್ತುತ್ತಿದೆ ಎಂದು 1983ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಫಾರೂಕ್ ಅಜಂ ಮತ್ತು ಸಂಗಡಿಗರು ಮಂಡಿಸಿದರು. ಕಡಲ ವಿಜ್ಞಾನದ ಪಠ್ಯಗಳನ್ನೇ ಬದಲಿಸಿದ ಪ್ರಬಂಧ ಅದು.

ಅಜಂ ಒತ್ತಿ ಹೇಳುತ್ತ ಬಂದ ಇನ್ನೊಂದು ಮಾತಿದೆ. ಬ್ಯಾಕ್ಟೀರಿಯಾದ ದೃಷ್ಟಿಯಿಂದ ನೋಡಿದರೆ ಕಡಲು ಎಲ್ಲೆಡೆ ಒಂದೇ ರೀತಿಯ ತಿಳಿನೀರಲ್ಲ. ಪ್ರತಿ ಪಾಚಿಕೋಶದ ಸುತ್ತ ಅದರಿಂದ ಸೋರಿದ ಸಕ್ಕರೆ, ಅಮೈನೊ ಆಮ್ಲಗಳ ದಟ್ಟ ಆವರಣವಿರುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ದೂರ ಸರಿದರೆ ಬರಗಾಲ. ಸತ್ತ ಜೀವಿಯ ಚೂರೊಂದು ಮುಳುಗುತ್ತ ಹೋದರೆ ಅದರ ಹಿಂದೆ ಪೋಷಕಾಂಶದ ಎಳೆಯೊಂದು ಉಳಿಯುತ್ತದೆ. ನಿಮಿಷಗಳಲ್ಲಿ ಅದೂ ಕರಗಿಹೋಗುತ್ತದೆ. ಬಾಟಲಿಯನ್ನು ಅಲ್ಲಾಡಿಸಿದೊಡನೆ ಈ ಇಡೀ ಭೂಗೋಳ ಅಳಿಸಿಹೋಗುತ್ತದೆ.

ಅಷ್ಟು ಸಣ್ಣ ಅಳತೆಯಲ್ಲಿ ಭೌತಶಾಸ್ತ್ರವೂ ನಮಗೆ ಪರಿಚಿತವಾದದ್ದಲ್ಲ. ನಾವು ಈಜುವಾಗ ಕೈ ಬಡಿಯುವುದನ್ನು ನಿಲ್ಲಿಸಿದರೂ ಸ್ವಲ್ಪ ದೂರ ಮುಂದೆ ಸಾಗುತ್ತೇವೆ. ಬ್ಯಾಕ್ಟೀರಿಯಾ ಈಜು ನಿಲ್ಲಿಸಿದರೆ ಒಂದು ಪರಮಾಣುವಿನ ಅಗಲದಷ್ಟೂ ಮುಂದೆ ಹೋಗದೆ ನಿಂತುಬಿಡುತ್ತದೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1976ರ ಉಪನ್ಯಾಸವೊಂದರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಅಲ್ಲಿ ಸುಳಿಯಿಲ್ಲ, ಕಲಕುವಿಕೆಯಿಲ್ಲ. ಅಣುಗಳು ತಾವಾಗಿ ಹರಡಬೇಕು, ಅಷ್ಟೆ. ಸಕ್ಕರೆಯಂಥ ಸಣ್ಣ ಅಣು 10 ಮೈಕ್ರಾನ್ ದೂರ, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗ, ಹರಡಲು ಸೆಕೆಂಡಿನ ಒಂದು ತುಣುಕು ಸಾಕು. ಒಂದು ಮಿಲಿಮೀಟರ್ ಹರಡಲು ಹತ್ತು ನಿಮಿಷದ ಆಸುಪಾಸು ಬೇಕು. ಒಂದು ಸೆಂಟಿಮೀಟರ್‌ಗೆ ಅರ್ಧ ದಿನಕ್ಕೂ ಹೆಚ್ಚು. ಯಾವ ಬ್ಯಾಕ್ಟೀರಿಯಾಗೆ ಊಟ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ, ಯಾವ ಇಂಗಾಲ ಮತ್ತೆ ಗಾಳಿ ಸೇರುತ್ತದೆ, ಯಾವುದು ತಳ ಸೇರುತ್ತದೆ ಎಂಬುದೆಲ್ಲ ತೀರ್ಮಾನವಾಗುವುದು ಈ ಮಿಲಿಮೀಟರಿನೊಳಗೆ. ಅದನ್ನು ನೋಡಬೇಕೆಂದರೆ ಅದೇ ಅಳತೆಯ ಕಾಲುವೆ, ಕೊಠಡಿ, ಬಾಗಿಲುಗಳನ್ನು ಕಟ್ಟಬೇಕು.

ಅಚ್ಚು ಹೊಯ್ಯುವ ಕೆಲಸ

ಕಟ್ಟುವ ವಿದ್ಯೆ ಬಂದದ್ದು ಕಂಪ್ಯೂಟರ್ ಚಿಪ್‌ನ ಉದ್ಯಮದಿಂದ. 1990ರ ದಶಕದ ಕೊನೆಯಲ್ಲಿ ಹಾರ್ವರ್ಡ್‌ನ ರಸಾಯನವಿಜ್ಞಾನಿ ಜಾರ್ಜ್ ವೈಟ್‌ಸೈಡ್ಸ್ ಮತ್ತು ಸಂಗಡಿಗರು ಅದನ್ನು ಜೀವವಿಜ್ಞಾನಿಗಳ ಕೈಗೆ ಎಟಕುವಷ್ಟು ಸರಳ ಮಾಡಿದರು.

ಕೆಲಸ ಶುರುವಾಗುವುದು ಹಳದಿ ದೀಪದ ಕೋಣೆಯಲ್ಲಿ. ಬಿಳಿ ಬೆಳಕಿನಲ್ಲಿರುವ ನೀಲಿ-ನೇರಳೆ ಅಂಶ ತಗುಲಿದರೆ ಕೆಡುವ ದ್ರವವನ್ನು ಅಲ್ಲಿ ಬಳಸುತ್ತಾರೆ. ಕನ್ನಡಿಯಂತೆ ಹೊಳೆಯುವ ಸಿಲಿಕಾನ್ ಬಿಲ್ಲೆಯ ಮೇಲೆ ಆ ದ್ರವವನ್ನು ಸುರಿದು ಗರಗರ ತಿರುಗಿಸಿ ತೆಳುವಾಗಿ ಹರಡುತ್ತಾರೆ. ಬೇಕಾದ ಕಾಲುವೆಗಳ ನಕ್ಷೆಯನ್ನು ಮೇಲಿಟ್ಟು ಅತಿನೇರಳೆ ಬೆಳಕು ಬಿಡುತ್ತಾರೆ. ಬೆಳಕು ಬಿದ್ದಲ್ಲಿ ದ್ರವ ಗಟ್ಟಿಯಾಗುತ್ತದೆ, ಉಳಿದದ್ದನ್ನು ತೊಳೆದುಬಿಡುತ್ತಾರೆ. ಬಿಲ್ಲೆಯ ಮೇಲೆ ಕೂದಲಿಗಿಂತ ತೆಳ್ಳನೆಯ ದಿಬ್ಬಗಳು ಉಳಿಯುತ್ತವೆ. ಇದು ಅಚ್ಚು. ಮುಂದಿನದು ಸಂಕ್ರಾಂತಿಯ ಸಕ್ಕರೆ ಅಚ್ಚು ಹೊಯ್ಯುವ ಹಾಗೆಯೇ. ಜೇನಿನಷ್ಟು ಮಂದವಾದ ಸಿಲಿಕೋನ್ ರಬ್ಬರ್ ದ್ರವಕ್ಕೆ ಹತ್ತಕ್ಕೆ ಒಂದರಂತೆ ಗಟ್ಟಿಕಾರಕ ಬೆರೆಸಿ ಚೆನ್ನಾಗಿ ಕಲಸುತ್ತಾರೆ. ಕಲಸಿದಾಗ ತುಂಬಿಕೊಂಡ ಗುಳ್ಳೆಗಳನ್ನು ನಿರ್ವಾತದಲ್ಲಿಟ್ಟು ತೆಗೆಯುತ್ತಾರೆ, ಅಚ್ಚಿನ ಮೇಲೆ ಸುರಿಯುತ್ತಾರೆ, ಬಿಸಿ ಪೆಟ್ಟಿಗೆಯಲ್ಲಿ ಕೆಲವು ಗಂಟೆ ಬಿಡುತ್ತಾರೆ. ತಣಿದ ಮೇಲೆ ಬ್ಲೇಡಿನಿಂದ ಕೊಯ್ದು ಎಬ್ಬಿಸಿದರೆ ಗಾಜಿನಷ್ಟು ಪಾರದರ್ಶಕವಾದ ಮೆತ್ತನೆಯ ತುಂಡು. ದಿಬ್ಬವಿದ್ದ ಕಡೆ ಈಗ ಕಾಲುವೆ. ನೀರು ಒಳಗೆ ಬರಲು ಹೊರಗೆ ಹೋಗಲು ತೂತು ಕೊರೆದು, ಆಮ್ಲಜನಕದ ಪ್ಲಾಸ್ಮಾದಲ್ಲಿ ಅರ್ಧ ನಿಮಿಷದಷ್ಟು ಹೊತ್ತು ಇಟ್ಟು, ಗಾಜಿನ ಪಟ್ಟಿಗೆ ಒತ್ತಿದರೆ ಮತ್ತೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ. ಕಾಲುವೆಗಳಿರುವ ಈ ತುಂಡಿಗೂ ಚಿಪ್, ಅಂದರೆ ಚಿಪ್ಪು ಎಂದೇ ಹೆಸರು.

ಈ ಕಾಲುವೆಯಲ್ಲಿ ಎರಡು ದ್ರವಗಳನ್ನು ಒಟ್ಟಿಗೆ ಬಿಟ್ಟರೆ ಅವು ಕಲಸಿಕೊಳ್ಳುವುದಿಲ್ಲ. ಪಕ್ಕಪಕ್ಕದಲ್ಲಿ, ನಡುವೆ ಗೆರೆ ಎಳೆದಂತೆ ಹರಿಯುತ್ತವೆ. ಆ ಗೆರೆಯ ಆಚೀಚೆ ಅಣುಗಳು ಮೆಲ್ಲಗೆ ಹರಡುತ್ತವೆ, ಎಷ್ಟು ಹೊತ್ತಿಗೆ ಎಷ್ಟು ಎಂದು ಮೊದಲೇ ಲೆಕ್ಕ ಹಾಕಬಹುದು. ಕಡಲಿನಲ್ಲಿ ಪಾಚಿಕೋಶವೊಂದು ಒಡೆದು ಅದರ ರಸ ನೀರಿಗೆ ಚೆಲ್ಲಿದ ಗಳಿಗೆಯನ್ನು ಇಲ್ಲಿ ಬೇಕೆಂದಾಗ, ಬೇಕಾದಷ್ಟು ಸಲ ಮರುಸೃಷ್ಟಿಸಬಹುದು.

ರೋಮನ್ ಸ್ಟಾಕರ್ ಎಂಬ ವಿಜ್ಞಾನಿ ಮಾಡಿದ್ದು ಇದನ್ನೇ. ಆಗ ಅವರು ಅಮೆರಿಕದ ಎಂಐಟಿಯಲ್ಲಿದ್ದರು, ಈಗ ಜ್ಯೂರಿಕ್‌ನ ಇಟಿಎಚ್‌ನಲ್ಲಿದ್ದಾರೆ. 2008ರಲ್ಲಿ ಅವರ ತಂಡ ಇಂಥ ಕಾಲುವೆಯೊಳಗೆ ಪೋಷಕಾಂಶದ ತೆಳು ಪಟ್ಟಿಯೊಂದನ್ನು ಬಿಟ್ಟು, ಕಡಲ ಬ್ಯಾಕ್ಟೀರಿಯಾ ಏನು ಮಾಡುತ್ತದೆಂದು ವಿಡಿಯೊ ಮಾಡಿತು. ಕೆಲವು ಹತ್ತು ಸೆಕೆಂಡುಗಳಲ್ಲಿ ಅವು ಪಟ್ಟಿಯೊಳಗೆ ಸೇರಿದ್ದವು. ಈಜಲಾರದೆ ತೇಲುವ ಬ್ಯಾಕ್ಟೀರಿಯಾಗಳಿಗೆ ಹೋಲಿಸಿದರೆ ಇವುಗಳಿಗೆ ದಕ್ಕಿದ ಆಹಾರ ಹಲವು ಪಟ್ಟು ಹೆಚ್ಚು. ಪಟ್ಟಿ ಕರಗಿಹೋಗುವ ಮುಂಚೆಯೇ ತಲುಪಿ ತಿಂದು ಮುಗಿಸುವ ಜೀವಿಗಳು ಕಡಲಿನಲ್ಲಿವೆ ಎಂಬುದು ಅದರಿಂದ ಸಾಬೀತಾಯಿತು.

ಪ್ರಯೋಗಾಲಯದಲ್ಲಿ ಸಾಕಿದ ಒಂದು ಜಾತಿಯ ಬ್ಯಾಕ್ಟೀರಿಯಾ ಮಾಡಿದ್ದನ್ನು ಕಡಲಿನ ನೂರಾರು ಜಾತಿಗಳೂ ಮಾಡುತ್ತವೆಯೆ? ಇದನ್ನು ತಿಳಿಯಲು ಚಿಪ್ಪನ್ನೇ ಕಡಲಿಗೆ ಒಯ್ದರು. 2017ರಲ್ಲಿ ಪ್ರಕಟವಾದ ಈ ಸಾಧನ ಕ್ರೆಡಿಟ್ ಕಾರ್ಡಿನ ಗಾತ್ರದ್ದು. ಅದರಲ್ಲಿ 20 ಪುಟ್ಟ ಗುಂಡಿಗಳು, ಒಂದೊಂದರಲ್ಲಿ ಹಿಡಿಯುವುದು ಹನಿ ಎರಡು ಹನಿಯಷ್ಟು ದ್ರವ. ಪ್ರತಿ ಗುಂಡಿಗೂ ಹೊರಗಿನ ಕಡಲಿಗೂ ನಡುವೆ ಒಂದು ಮಿಲಿಮೀಟರಿಗಿಂತ ಸಣ್ಣ ಕಿಂಡಿ. ಗುಂಡಿಗಳಲ್ಲಿ ಬೇರೆ ಬೇರೆ ಪಾಚಿಗಳ ರಸ ತುಂಬಿ, ಆಸ್ಟ್ರೇಲಿಯಾದ ಸಿಡ್ನಿ ಕರಾವಳಿಯ ನೀರಿನಲ್ಲಿ ಇಳಿಬಿಟ್ಟು, ಯಾವ ರಸದ ವಾಸನೆ ಹಿಡಿದು ಯಾವ ಬ್ಯಾಕ್ಟೀರಿಯಾ ಒಳಗೆ ಬಂತೆಂದು ಡಿಎನ್‌ಎ ಓದಿ ಪತ್ತೆ ಮಾಡಿದರು. 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಒಂದೊಂದು ಪಾಚಿಯ ರಸಕ್ಕೆ ಒಂದೊಂದು ಬಗೆಯ ಬ್ಯಾಕ್ಟೀರಿಯಾ ಸಮುದಾಯ. ಯಾರ ಇಂಗಾಲ ಯಾರ ಹೊಟ್ಟೆ ಸೇರುತ್ತದೆ ಎಂಬುದು ಆಕಸ್ಮಿಕವಲ್ಲ, ಅಲ್ಲಿ ಆಯ್ಕೆಯಿದೆ.

ಒಂದು ಬ್ಯಾಕ್ಟೀರಿಯಾದಲ್ಲಿ ಎಷ್ಟು ಇಂಗಾಲವಿದೆ ಎಂಬ ಮೂಲ ಪ್ರಶ್ನೆಗೂ ಬಹುಕಾಲ ಅಂದಾಜೇ ಗತಿಯಾಗಿತ್ತು. ಗಾತ್ರ ನೋಡಿ ತೂಕ ಊಹಿಸುತ್ತಿದ್ದರು. ಎಂಐಟಿಯ ಸ್ಕಾಟ್ ಮನಾಲಿಸ್ 2007ರಲ್ಲಿ ಒಳಗೆ ಕಾಲುವೆಯಿರುವ, ಸದಾ ಕಂಪಿಸುತ್ತಿರುವ ಸಿಲಿಕಾನ್ ಪಟ್ಟಿಯೊಂದನ್ನು ಮಾಡಿದರು. ಕೋಶವೊಂದು ಅದರೊಳಗೆ ಹಾದುಹೋದಾಗ ಕಂಪನದ ವೇಗ ತುಸು ಬದಲಾಗುತ್ತದೆ, ಆ ಬದಲಾವಣೆಯೇ ಕೋಶದ ತೂಕ. ಹತ್ತು ವರ್ಷದ ಬಳಿಕ ಮನಾಲಿಸ್ ಮತ್ತು ಅದೇ ಸಂಸ್ಥೆಯ ಸ್ಯಾಲಿ ಚಿಶೋಮ್ ಇದ್ದ ತಂಡ ಕಡಲ ಬ್ಯಾಕ್ಟೀರಿಯಾಗಳನ್ನು ಒಮ್ಮೆ ಸಾಮಾನ್ಯ ನೀರಿನಲ್ಲಿ, ಇನ್ನೊಮ್ಮೆ ಭಾರಜಲದಲ್ಲಿ ತೂಗಿ, ಆರ್ಕಿಮಿಡೀಸ್ ತತ್ವದಿಂದ ಒಂದೊಂದು ಕೋಶದ ಒಣತೂಕವನ್ನೇ ಕಂಡುಹಿಡಿಯಿತು. ಚಿಶೋಮ್ ಎಂದರೆ 1980ರ ದಶಕದಲ್ಲಿ ಪ್ರೊಕ್ಲೊರೊಕಾಕಸ್ ಎಂಬ ಜೀವಿಯನ್ನು ಪತ್ತೆ ಮಾಡಿದವರಲ್ಲಿ ಒಬ್ಬರು. ಮೈಕ್ರಾನ್‌ಗಿಂತ ಸಣ್ಣದಾದ ಅದು ಲೋಕದ ಅತಿ ಚಿಕ್ಕ ದ್ಯುತಿಸಂಶ್ಲೇಷಕ ಜೀವಿ. ಉಷ್ಣವಲಯದ ಕಡಲುಗಳಲ್ಲಿ ಅದರಷ್ಟು ಸಂಖ್ಯೆಯಲ್ಲಿರುವ ಹಸಿರು ಜೀವಿ ಇನ್ನೊಂದಿಲ್ಲ. ಎರಡು ಸಾವಿರ ವರ್ಷಕ್ಕೂ ಹಳೆಯ ತತ್ವ ಅಷ್ಟು ಸಣ್ಣ ಜೀವಿಯನ್ನು ತೂಗಲು ಒದಗಿತೆಂಬುದು ನನಗೆ ತೀರ ಸಂತೋಷದ ಸಂಗತಿ.

ಮುಳುಗುವುದೇ ಕರಗುವುದಕ್ಕೆ ಕಾರಣ

ಈಗ ಕಡಲಿನಲ್ಲಿ ಮುಳುಗುವ ಚೂರುಗಳ ವಿಷಯಕ್ಕೆ ಬರೋಣ. ಸತ್ತ ಪ್ಲವಕ, ಸಣ್ಣ ಪ್ರಾಣಿಗಳ ಹಿಕ್ಕೆ, ಲೋಳೆ ಎಲ್ಲ ಅಂಟಿಕೊಂಡು ಬಿಳಿಯ ಚೂರುಗಳಾಗಿ ಕಡಲ ಮೇಲ್ಪದರದಿಂದ ಕೆಳಗೆ ಸದಾ ಉದುರುತ್ತಿರುತ್ತವೆ. ಕಡಲ ಹಿಮ ಎಂದೇ ಅದಕ್ಕೆ ಹೆಸರು. ವರ್ಷಕ್ಕೆ ಸುಮಾರು ಸಾವಿರ ಕೋಟಿ ಟನ್ ಇಂಗಾಲ ಹೀಗೆ ಬಿಸಿಲು ಬೀಳುವ ಪದರದಿಂದ ಕೆಳಗಿಳಿಯುತ್ತದೆ ಎಂದು ಅಂದಾಜು. ದಾರಿಯುದ್ದಕ್ಕೂ ಬ್ಯಾಕ್ಟೀರಿಯಾ ಅದನ್ನು ತಿಂದು, ಉಸಿರಾಡಿ, ಮತ್ತೆ ಕಾರ್ಬನ್ ಡೈಆಕ್ಸೈಡ್ ಮಾಡುತ್ತವೆ. ನೂರಿನ್ನೂರು ಮೀಟರ್ ಆಳದಲ್ಲೇ ತಿಂದರೆ ಆ ಅನಿಲ ಬೇಗ ಗಾಳಿಗೆ ಮರಳುತ್ತದೆ. ಸಾವಿರ ಮೀಟರ್ ದಾಟಿದ ಮೇಲೆ ತಿಂದರೆ ನೂರಾರು ವರ್ಷ ಅದು ಕಡಲಿನಲ್ಲೇ ಉಳಿಯುತ್ತದೆ. ಈ ಸಾಗಾಟ ನಿಂತುಹೋದರೆ ವಾತಾವರಣದ ಕಾರ್ಬನ್ ಡೈಆಕ್ಸೈಡ್ ಈಗಿನದಕ್ಕಿಂತ ಬಹಳಷ್ಟು ಏರುತ್ತದೆ. ಇದು ನಿಸರ್ಗ ಲಕ್ಷಾಂತರ ವರ್ಷಗಳಿಂದ ನಡೆಸುತ್ತಿರುವ ವ್ಯವಹಾರ, ನಾವು ಉರಿಸುವ ಕಲ್ಲಿದ್ದಲಿಗೆ ಪರಿಹಾರವಾಗಿ ಹುಟ್ಟಿದ್ದಲ್ಲ. ಆದರೆ ಅದು ಬಿಸಿಯಾಗುತ್ತಿರುವ ಕಡಲಿನಲ್ಲಿ ಹೇಗೆ ಬದಲಾಗುತ್ತದೆ ಎಂಬುದರ ಮೇಲೆ ನಮ್ಮ ಮಕ್ಕಳ ಹವಾಮಾನ ನಿಂತಿದೆ.

ಹವಾಮಾನದ ಮಾದರಿಗಳು ಇದನ್ನು ಸರಳ ಪೈಪೋಟಿಯಾಗಿ ಲೆಕ್ಕ ಹಾಕುತ್ತಿದ್ದವು. ಚೂರು ಎಷ್ಟು ವೇಗವಾಗಿ ಮುಳುಗುತ್ತದೆ, ಬ್ಯಾಕ್ಟೀರಿಯಾ ಎಷ್ಟು ವೇಗವಾಗಿ ತಿನ್ನುತ್ತದೆ. ಎರಡೂ ಪರಸ್ಪರ ಸಂಬಂಧವಿಲ್ಲದ ಸಂಗತಿಗಳೆಂದು ಇಟ್ಟುಕೊಂಡಿದ್ದರು. 2021ರಲ್ಲಿ ಉರಿಯಾ ಅಲ್ಕೊಲೊಂಬ್ರಿ, ಸ್ಟಾಕರ್ ಮತ್ತು ಸಂಗಡಿಗರು ಆ ಊಹೆಯನ್ನು ಮುರಿದರು.

ಕಡಲಕಳೆಯಿಂದ ಸಿಗುವ ಆಲ್ಜಿನೇಟ್ ಎಂಬ ಪದಾರ್ಥದಿಂದ ಅವರು ಸೂಕ್ಷ್ಮ ಮಣಿಗಳನ್ನು ಮಾಡಿದರು. ಅವೇ ಹಿಮದ ಚೂರಿಗೆ ಬದಲಿ. ಮಣಿಗಳನ್ನು ಪುಟ್ಟ ಕೊಠಡಿಯಲ್ಲಿ ಕೂರಿಸಿ, ಅವುಗಳಿಗೆ ಬ್ಯಾಕ್ಟೀರಿಯಾ ಹತ್ತಿಸಿ, ಮಣಿ ಮುಳುಗುವ ಬದಲು ನೀರೇ ಮಣಿಯ ಮೇಲೆ ಹರಿದುಹೋಗುವಂತೆ ಮಾಡಿದರು. ಸಾವಿರಾರು ಮಣಿಗಳು ಸವೆಯುವುದನ್ನು ಕ್ಯಾಮೆರಾ ನೋಡುತ್ತಿತ್ತು. ದಿನಕ್ಕೆ ಎಂಟು ಮೀಟರ್ ಮುಳುಗುವುದಕ್ಕೆ ಸಮನಾದ ತೀರ ಮೆಲ್ಲನೆಯ ಹರಿವಿಗೇ ಮಣಿ ಕರಗುವ ವೇಗ ಹತ್ತು ಪಟ್ಟಿಗಿಂತ ಹೆಚ್ಚಾಯಿತು.

ಯಾಕೆ? ಬ್ಯಾಕ್ಟೀರಿಯಾದ ಕಿಣ್ವಗಳು ಮಣಿಯ ಉದ್ದನೆಯ ಸಕ್ಕರೆ ಸರಪಳಿಗಳನ್ನು ತುಂಡರಿಸುತ್ತವೆ. ನೀರು ನಿಂತಿದ್ದರೆ ತುಂಡುಗಳು ಅಲ್ಲೇ ಉಳಿಯುತ್ತವೆ, ಕಿಣ್ವ ಅವುಗಳನ್ನೇ ಇನ್ನಷ್ಟು ಕತ್ತರಿಸುತ್ತ ಕೂರುತ್ತದೆ, ಮಣಿಯ ಮೈಯನ್ನು ಮುಟ್ಟುವುದಿಲ್ಲ. ನೀರು ಹರಿದರೆ ತುಂಡುಗಳು ಕೊಚ್ಚಿಹೋಗಿ ಕಿಣ್ವದ ಬಾಯಿಗೆ ಮತ್ತೆ ಮಣಿಯೇ ಸಿಗುತ್ತದೆ. ಅಂದರೆ ಮುಳುಗುವ ಕ್ರಿಯೆಯೇ ಕರಗುವ ಕ್ರಿಯೆಯನ್ನು ಚುರುಕು ಮಾಡುತ್ತದೆ. ಬಾಟಲಿಯಲ್ಲಿ ಇದನ್ನು ಯಾರೂ ಕಾಣುವಂತಿರಲಿಲ್ಲ. ಹೊಸ ಶತಮಾನದ ಕಡಲ ವಿಜ್ಞಾನದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಪ್ರಯೋಗ ಇದು. ಉಪಾಯ ಸರಳ, ಉತ್ತರ ನಿಚ್ಚಳ.

ಇನ್ನೊಂದು ತಿರುವು 2024ರ ಅಕ್ಟೋಬರ್‌ನಲ್ಲಿ ಬಂತು, ಅದಕ್ಕೆ ಬೆಂಗಳೂರಿನ ನಂಟಿದೆ. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್, ಕಾಗದ ಮಡಚಿ ಮಾಡುವ ಅಗ್ಗದ ಸೂಕ್ಷ್ಮದರ್ಶಕ ‘ಫೋಲ್ಡ್‌ಸ್ಕೋಪ್’ನಿಂದ ನಮ್ಮಲ್ಲೂ ಪರಿಚಿತರು. ಅವರ ತಂಡ ಚಕ್ರದಾಕಾರದ, ನೀರು ತುಂಬಿದ ಕೋಶವಿರುವ ಸೂಕ್ಷ್ಮದರ್ಶಕವೊಂದನ್ನು ಕಟ್ಟಿದೆ. ಚೂರು ಎಷ್ಟು ಕೆಳಗಿಳಿಯುತ್ತದೋ ಚಕ್ರ ಅಷ್ಟೇ ಮೇಲಕ್ಕೆ ತಿರುಗುತ್ತದೆ. ಚೂರಿನ ಲೆಕ್ಕದಲ್ಲಿ ಅದು ತಳವಿಲ್ಲದ ಕಡಲು. ಅಮೆರಿಕದ ಪೂರ್ವ ಕರಾವಳಿಯ ಮೇನ್ ಕೊಲ್ಲಿಯಲ್ಲಿ ಹಡಗಿನ ಮೇಲೆಯೇ ತಾಜಾ ಹಿಮವನ್ನು ಇದರಲ್ಲಿಟ್ಟು ನೋಡಿದಾಗ, ಚೂರುಗಳ ಹಿಂದೆ ಧೂಮಕೇತುವಿನ ಬಾಲದಂತೆ ಪಾರದರ್ಶಕ ಲೋಳೆ ಎಳೆದುಕೊಂಡು ಹೋಗುವುದು ಕಂಡಿತು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅದು ಕಾಣುವುದೇ ಇಲ್ಲ. ಈ ಬಾಲದಿಂದಾಗಿ ಚೂರು ಮೇಲಿನ ನೂರು ಮೀಟರ್‌ನಲ್ಲಿ ಕಳೆಯುವ ಸಮಯ ಎರಡರಷ್ಟಾಗುತ್ತದೆ ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ಅವರು ಬರೆದರು. ಆ ಪ್ರಬಂಧದ ಮೊದಲ ಲೇಖಕ ರಾಹುಲ್ ಚಜ್ವಾ ಡಾಕ್ಟರೇಟ್ ಮಾಡಿದ್ದು ಬೆಂಗಳೂರಿನ ಐಸಿಟಿಎಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ. ಅಲ್ಲಿ ಅವರು ಮಂದ ದ್ರವದಲ್ಲಿ ಜೋಡಿ ಬಿಲ್ಲೆಗಳು ಮುಳುಗುವಾಗ ಹೇಗೆ ಒಂದನ್ನೊಂದು ಸುತ್ತುತ್ತವೆ ಎಂಬ, ಹೊರನೋಟಕ್ಕೆ ಯಾವ ಉಪಯೋಗವೂ ಕಾಣದ ಪ್ರಶ್ನೆಯನ್ನು ಅಧ್ಯಯನ ಮಾಡಿದ್ದರು. ಮೂಲವಿಜ್ಞಾನಕ್ಕೆ ಹಣ ಯಾಕೆ ಹಾಕಬೇಕು ಎಂದು ಕೇಳುವವರಿಗೆ ಇದಕ್ಕಿಂತ ಹತ್ತಿರದ ಉತ್ತರ ಸಿಗಲಾರದು.

ಕಬ್ಬಿಣ ಸುರಿದಾಗ ಆದದ್ದು

ಇಷ್ಟು ಸೂಕ್ಷ್ಮಕ್ಕೆ ಇಳಿಯುವ ಅಗತ್ಯವೇನು ಎಂಬ ಪ್ರಶ್ನೆಗೆ ಭಾರತೀಯರೇ ಮುಂದೆ ನಿಂತು ಮಾಡಿದ ಪ್ರಯೋಗವೊಂದು ಉತ್ತರ ಕೊಡುತ್ತದೆ. ಅಂಟಾರ್ಕ್ಟಿಕದ ಸುತ್ತಲಿನ ದಕ್ಷಿಣ ಸಾಗರದಲ್ಲಿ ಬೇರೆ ಪೋಷಕಾಂಶಗಳು ಬೇಕಾದಷ್ಟಿವೆ, ಕಬ್ಬಿಣ ಮಾತ್ರ ಕೊರತೆ. ಕಬ್ಬಿಣ ಹಾಕಿದರೆ ಪ್ಲವಕ ಹುಲುಸಾಗಿ ಬೆಳೆದು, ಇಂಗಾಲ ಹೀರಿ, ತಳ ಸೇರುತ್ತದೆ ಎಂಬುದು ಹಲವರ ನಿರೀಕ್ಷೆಯಾಗಿತ್ತು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಎನ್‌ಐಒ ಹಾಗೂ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಸೇರಿ 2009ರ ಆರಂಭದಲ್ಲಿ ‘ಲೋಹಾಫೆಕ್ಸ್’ ಎಂಬ ಪ್ರಯೋಗ ನಡೆಸಿದವು. ವಾಜಿಹ್ ನಖ್ವಿ ಮತ್ತು ವಿಕ್ಟರ್ ಸ್ಮೆಟಾಚೆಕ್ ಅದರ ಮುಖ್ಯ ವಿಜ್ಞಾನಿಗಳು. ಸುಮಾರು 300 ಚದರ ಕಿಲೋಮೀಟರ್ ಕಡಲಿಗೆ ಟನ್‌ಗಟ್ಟಲೆ ಕಬ್ಬಿಣ ಬಿಟ್ಟರು. ಪ್ಲವಕ ಬೆಳೆಯಿತು. ಆದರೆ ಆ ನೀರಿನಲ್ಲಿ ಸಿಲಿಕಾ ಕಡಿಮೆಯಿದ್ದುದರಿಂದ ಗಟ್ಟಿ ಕವಚದ ಡಯಾಟಮ್‌ಗಳು ಬೆಳೆಯಲಿಲ್ಲ. ಬೆಳೆದ ಮೃದು ಪಾಚಿಯನ್ನು ಕೋಪಿಪಾಡ್ ಎಂಬ ಸಣ್ಣ ಕವಚಜೀವಿಗಳು ಮೇಯ್ದವು. ತಳಕ್ಕಿಳಿದ ಇಂಗಾಲ ತೀರ ಅತ್ಯಲ್ಪ.

ಇಂದು ಕಡಲಿಗೆ ಕಬ್ಬಿಣ, ಸುಣ್ಣ, ಕಡಲಕಳೆ ಹಾಕಿ ಇಂಗಾಲದ ಸಾಲ ತೀರಿಸುತ್ತೇವೆ ಎನ್ನುವ ಕಂಪನಿಗಳು ಲೋಕದಲ್ಲಿ ಹುಟ್ಟಿಕೊಂಡಿವೆ. ಇಂಗಾಲದ ಕ್ರೆಡಿಟ್ ಮಾರುವ ಮುನ್ನ, ಮಿಲಿಮೀಟರಿನ ಅಳತೆಯಲ್ಲಿ ಯಾರು ಯಾರನ್ನು ತಿನ್ನುತ್ತಾರೆ ಎಂಬ ಲೆಕ್ಕ ಅವರು ಕೊಡಬೇಕು. ಅದಿಲ್ಲದೆ ಮಾರುವುದು ತಪ್ಪು ಎಂಬುದೇ ನನ್ನ ಅಭಿಪ್ರಾಯ.

ಶಕ್ತಿ ಉತ್ಪಾದನೆಯ ಕಡೆಯೂ ಈ ಚಿಪ್ಪುಗಳು ಕೆಲಸ ಮಾಡುತ್ತಿವೆ, ಅದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಬ್ಯಾಕ್ಟೀರಿಯಾದಿಂದ ವಿದ್ಯುತ್ ಪಡೆಯಬಹುದೆಂದು 1911ರಲ್ಲೇ ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯದ ಎಂ.ಸಿ. ಪಾಟರ್ ತೋರಿಸಿದ್ದರು. 1987ರಲ್ಲಿ ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ ಡೆರೆಕ್ ಲವ್ಲಿ ಕಂಡ ಜಿಯೊಬ್ಯಾಕ್ಟರ್ ಎಂಬ ಜೀವಿ ಆಮ್ಲಜನಕದ ಬದಲು ಕಬ್ಬಿಣದ ಖನಿಜಕ್ಕೆ ಎಲೆಕ್ಟ್ರಾನ್ ದಾಟಿಸಿ ಉಸಿರಾಡುತ್ತದೆ. ಇಂಥ ಜೀವಿಗಳು ವಿದ್ಯುದ್ವಾರದ ಮೇಲೆ ಪದರ ಕಟ್ಟಿದಾಗ ಯಾವ ಹರಿವಿಗೆ ಎಷ್ಟು ವಿದ್ಯುತ್ ಬರುತ್ತದೆಂದು ಪುಟ್ಟ ಕಾಲುವೆಗಳಲ್ಲಿ ಅಳೆಯುತ್ತಿದ್ದಾರೆ. ಎಣ್ಣೆ ಕಟ್ಟುವ ಪಾಚಿಗಳನ್ನು ಒಂದೊಂದು ಹನಿಗೆ ಒಂದೊಂದರಂತೆ ಬಂಧಿಸಿ, ಹೆಚ್ಚು ಎಣ್ಣೆ ಇರುವುದನ್ನು ಆರಿಸುವ ಕೆಲಸವೂ ನಡೆದಿದೆ. ಜೈವಿಕ ಇಂಧನ ಅಗ್ಗವಾಗಲು ಇನ್ನೂ ದೂರವಿದೆ.

ಚಿಪ್ಪಿಗೂ ಮಿತಿಗಳಿವೆ. ಅದರ ಸಿಲಿಕೋನ್ ರಬ್ಬರ್ ಗಾಳಿಯನ್ನು ಒಳಬಿಡುತ್ತದೆ. ಒಳಗಿರುವ ಜೀವಿಗಳು ಉಸಿರುಗಟ್ಟದಿರಲು ಅದು ಅನುಕೂಲ. ಆದರೆ ಆಮ್ಲಜನಕವೇ ಇಲ್ಲದ ನೀರಿನ ಜೀವಿಗಳನ್ನು ಅಭ್ಯಾಸ ಮಾಡಬೇಕಾದಾಗ ಅದೇ ತೊಡಕು, ಗಾಜಿನ ಚಿಪ್ಪೋ ಸಾರಜನಕ ತುಂಬಿದ ಪೆಟ್ಟಿಗೆಯೋ ಬೇಕಾಗುತ್ತದೆ. ಆಲ್ಜಿನೇಟಿನ ಮಣಿ ನಿಜವಾದ ಹಿಮವೂ ಅಲ್ಲ. ನಿಜವಾದ ಚೂರಿನಲ್ಲಿ ನೂರು ಬಗೆಯ ಪದಾರ್ಥಗಳು, ನೂರು ಬಗೆಯ ಜೀವಿಗಳು. ಆದ್ದರಿಂದ ಚಿಪ್ಪಿನಲ್ಲಿ ಕಂಡದ್ದನ್ನು ಕಡಲಿನಲ್ಲಿ ಮತ್ತೆ ಪರೀಕ್ಷಿಸಲೇಬೇಕು.

ನಮ್ಮ ಕಡಲಿಗೂ ಬೇಕು

ಆ ಪರೀಕ್ಷೆಗೆ ಅರಬ್ಬಿ ಸಮುದ್ರಕ್ಕಿಂತ ತಕ್ಕ ಕಡಲು ಕಡಿಮೆ. ಮಳೆಗಾಲದ ಗಾಳಿಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲಕ್ಕೆ ಬರುತ್ತದೆ, ಡಯಾಟಮ್‌ಗಳು ಹಬ್ಬುತ್ತವೆ, ಅವನ್ನು ತಿಂದು ಬೂತಾಯಿ ಕೊಬ್ಬುತ್ತದೆ. ಎನ್‌ಐಒ ಮತ್ತು ಹ್ಯಾಂಬರ್ಗ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1986ರಿಂದ ಅರಬ್ಬಿ ಸಮುದ್ರದ ಆಳದಲ್ಲಿ ಲಾಳಿಕೆಯಂಥ ಸಾಧನಗಳನ್ನು ಇಳಿಬಿಟ್ಟು ಉದುರುವ ಹಿಮವನ್ನು ಹಿಡಿದರು. ಮುಂಗಾರಿನ ಜೊತೆಗೆ ಆಳಕ್ಕಿಳಿಯುವ ಚೂರುಗಳ ಪ್ರಮಾಣ ಏರುತ್ತದೆಂದು 1989ರಲ್ಲಿ ‘ನೇಚರ್’ನಲ್ಲಿ ವರದಿ ಮಾಡಿದರು. ಮುಂಗಾರು ಎಂದರೆ ಬರೀ ಭತ್ತದ ಗದ್ದೆಯ ವಿಷಯವಲ್ಲ, ಅದು ಕಡಲಿನ ಇಂಗಾಲವನ್ನೂ ನಡೆಸುತ್ತದೆ.

ಹಾಗೆ ಉದುರಿದ್ದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಅರಬ್ಬಿ ಸಮುದ್ರದಲ್ಲಿ ಸುಮಾರು 150 ಮೀಟರ್‌ನಿಂದ ಸಾವಿರ ಮೀಟರ್‌ವರೆಗೆ ಆಮ್ಲಜನಕ ತೀರ ವಿರಳ. ಮಳೆಗಾಲದ ಕೊನೆಯಲ್ಲಿ ಪಶ್ಚಿಮ ಕರಾವಳಿಯ ಕಡಿಮೆ ಆಳದ ನೀರಿನಲ್ಲೂ ಅದು ಇಲ್ಲವಾಗುತ್ತದೆ, ಆಗ ಅಲ್ಲಿಂದ ನೈಟ್ರಸ್ ಆಕ್ಸೈಡ್ ಎಂಬ ತೀವ್ರ ಹಸಿರುಮನೆ ಅನಿಲ ಹೊಮ್ಮುತ್ತದೆ. ನಖ್ವಿ ಮತ್ತು ಸಂಗಡಿಗರು 2000ದಲ್ಲೇ ಇದನ್ನು ತೋರಿಸಿದ್ದರು. ಚಳಿಗಾಲದಲ್ಲಿ ಡಯಾಟಮ್‌ಗಳ ಜಾಗವನ್ನು ನಾಕ್ಟಿಲ್ಯೂಕಾ ಎಂಬ ಜೀವಿ ಆಕ್ರಮಿಸುತ್ತಿರುವುದೂ ವರದಿಯಾಗಿದೆ. 2020ರ ನವೆಂಬರ್‌ನಲ್ಲಿ ಉಡುಪಿ, ಮಂಗಳೂರು ಕಡೆಯ ತೀರದಲ್ಲಿ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದಾಗ ಜನ ಮುಗಿಬಿದ್ದು ನೋಡಿದ್ದರು, ವಿಜ್ಞಾನಿಗಳು ಅದಕ್ಕೆ ಕಾರಣವೆಂದು ಹೇಳಿದ್ದು ನಾಕ್ಟಿಲ್ಯೂಕಾವನ್ನೇ. ಅದು ತನ್ನೊಳಗೆ ಹಸಿರು ಪಾಚಿಯನ್ನು ಸಾಕಿಕೊಂಡು ಬಿಸಿಲಿನಿಂದಲೂ ಬದುಕುತ್ತದೆ, ಇತರ ಪ್ಲವಕಗಳನ್ನು ನುಂಗಿಯೂ ಬದುಕುತ್ತದೆ. ಅದು ಯಾಕೆ ಹಬ್ಬುತ್ತಿದೆ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಅದರೊಳಗೆ ಇಂಗಾಲದ ಕೊಡುಕೊಳ್ಳುವಿಕೆ ಹೇಗೆ ನಡೆಯುತ್ತದೆ, ಸತ್ತ ಮೇಲೆ ಎಷ್ಟು ಬೇಗ ಕರಗುತ್ತದೆ, ಎಷ್ಟು ಆಳಕ್ಕಿಳಿಯುತ್ತದೆ ಎಂಬುದೆಲ್ಲ ಒಂದೊಂದೇ ಜೀವಿಯನ್ನು ಕೊಠಡಿಯಲ್ಲಿಟ್ಟು ನೋಡಬೇಕಾದ ಪ್ರಶ್ನೆಗಳು.

ಇದಕ್ಕೆ ಬೇಕಾದದ್ದೆಲ್ಲ ಕರ್ನಾಟಕದೊಳಗೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ದೇಶದ ಅತ್ಯುತ್ತಮ ಸ್ವಚ್ಛಕೋಣೆಗಳಲ್ಲೊಂದಿದೆ, ಹೊರಗಿನ ಕಾಲೇಜುಗಳ ಸಂಶೋಧಕರಿಗೂ ಅದನ್ನು ಬಳಸಲು ಕೇಂದ್ರ ಸರ್ಕಾರದ ಯೋಜನೆಯಿದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನ ವಿಭಾಗವಿದೆ, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ. ಚಿಪ್ಪು ಮಾಡಲು ಬಲ್ಲವರು ಒಂದು ಕಡೆ, ನೀರನ್ನು ಬಲ್ಲವರು ಇನ್ನೊಂದು ಕಡೆ. ಅಚ್ಚು ಒಮ್ಮೆ ತಯಾರಾದರೆ ಅದರಿಂದ ಹತ್ತಾರು ಚಿಪ್ಪು ಹೊಯ್ಯಬಹುದು. ಸಾಧಾರಣ ಸೂಕ್ಷ್ಮದರ್ಶಕ, ಕ್ಯಾಮೆರಾ, ಸಿರಿಂಜ್ ಪಂಪ್ ಇದ್ದರೆ ಪ್ರಯೋಗ ಶುರು ಮಾಡಬಹುದು. ದೊಡ್ಡ ಹಡಗಿಗೆ ಕಾಯಬೇಕಿಲ್ಲ, ತೀರದ ದೋಣಿ ಸಾಕು.

ಬೆಂಗಳೂರಿನ ಪ್ರಾಧ್ಯಾಪಕರೇ, ಒಂದು ಮಳೆಗಾಲ ಕಳೆದೊಡನೆ ನಿಮ್ಮ ವಿದ್ಯಾರ್ಥಿಗಳನ್ನು ಚಿಪ್ಪುಗಳ ಡಬ್ಬಿಯ ಸಮೇತ ಕಾರವಾರಕ್ಕೆ ಕಳಿಸಿಕೊಡಿ. ಕರಾವಳಿಯ ಪ್ರಾಧ್ಯಾಪಕರೇ, ನಿಮ್ಮ ಎಂ.ಎಸ್ಸಿ. ಮಕ್ಕಳಿಗೆ ಆ ಹಳದಿ ದೀಪದ ಕೋಣೆಯಲ್ಲಿ ಕೆಲವು ವಾರ ಕಳೆಯುವ ಅವಕಾಶಕ್ಕೆ ಇವತ್ತೇ ಅರ್ಜಿ ಹಾಕಿಸಿ.